ಮುಳ್ಳು ಹಾರುವ ಜಾಗ

ಹಳೆಯ ಕಾರಿನ ದುರಸ್ತಿಯಲ್ಲಿ ತೋಳಿನ ಬಲವನ್ನು ಬೇಡುವ ಕೆಲಸಗಳು ಹಲವಿದ್ದರೂ, ಕಿವಿ, ಕಣ್ಣು, ತಾಳ್ಮೆ ಮೂರನ್ನೂ ಒಂದೇ ಸಲ ಪರೀಕ್ಷೆಗೆ ಒಡ್ಡುವ ಕೆಲಸ ಥ್ರಾಟಲ್ ಸೆನ್ಸರಿನದು. ಎಂಜಿನ್ನಿಗೆ ಗಾಳಿ ನುಗ್ಗುವ ಕೊಳವೆಯ ಬಾಯಲ್ಲಿ, ಒಂದು ಸರಳಿನ ಮೇಲೆ ತಿರುಗುವಂತೆ ಕೂರಿಸಿದ ದುಂಡು ತಗಡಿಗೆ ಥ್ರಾಟಲ್ ಎಂದು ಹೆಸರು. ಚಾಲಕ ಆಕ್ಸಿಲರೇಟರ್ ತುಳಿದಾಗ ಕೇಬಲ್ ಆ ತಗಡನ್ನು ಎಳೆದು ತೆರೆಯುತ್ತದೆ, ಕಾಲು ತೆಗೆದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಬಾಗಿಲು ಎಷ್ಟು ತೆರೆದಿದೆ, ಎಷ್ಟು ಬೇಗ ತೆರೆಯಿತು ಎಂಬ ಸುದ್ದಿಯನ್ನು ಎಂಜಿನ್ನಿನ ಕಂಪ್ಯೂಟರಿಗೆ ಮುಟ್ಟಿಸಲು, ಅದೇ ಸರಳಿನ ತುದಿಗೆ ಕಚ್ಚಿಕೊಂಡು ಕುಳಿತ ಪುಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿಯೇ ಈ ಸೆನ್ಸರ್.

ಡಬ್ಬಿಯೊಳಗಿನ ತತ್ತ್ವವನ್ನು ಹಳೆಯ ರೇಡಿಯೊ ಇಟ್ಟುಕೊಂಡವರಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಬಿಲ್ಲಿನಂತೆ ಬಾಗಿದ ಇಂಗಾಲದ ಒಂದು ಪಟ್ಟಿ, ಅದರ ಮೇಲೆ ಸವರಿಕೊಂಡು ಓಡಾಡುವ ಲೋಹದ ಒಂದು ನಾಲಗೆ. ಪಟ್ಟಿಯ ಒಂದು ತುದಿಗೆ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ, ಇನ್ನೊಂದು ತುದಿ ನೆಲಕ್ಕೆ, ಅಂದರೆ ಅರ್ತ್‌ಗೆ, ಸೇರಿದೆ, ನಾಲಗೆ ನಿಂತ ಜಾಗಕ್ಕೆ ತಕ್ಕ ವೋಲ್ಟೇಜ್ ಮೂರನೆಯ ತಂತಿಯಲ್ಲಿ ಹೊರಬರುತ್ತದೆ. ತಗಡು ಮುಚ್ಚಿದ್ದಾಗ ಅದು ಹೆಚ್ಚುಕಡಿಮೆ ಅರ್ಧ ವೋಲ್ಟ್, ಪೂರ್ತಿ ತೆರೆದಾಗ ನಾಲ್ಕರಿಂದ ನಾಲ್ಕೂವರೆ ವೋಲ್ಟಿನ ಆಸುಪಾಸು. ರೇಡಿಯೊದ ವಾಲ್ಯೂಮ್ ಗುಂಡಿಯೂ ಇದೇ ಕುಲದ್ದು. ವರ್ಷಗಟ್ಟಲೆ ತಿರುಗಿಸಿದ ಗುಂಡಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಕರಕರ ಎಂದು ಧ್ವನಿಯನ್ನು ನುಂಗುವಂತೆ, ಸವೆದ ಸೆನ್ಸರೂ ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಮೂಕವಾಗುತ್ತದೆ.

ಚಾಲಕನ ಕಾಲಿನ ಅವಸರವನ್ನು ವಿದ್ಯುತ್ತಿನ ಭಾಷೆಗೆ ತರುವ ಯತ್ನ ಹೊಸದೇನಲ್ಲ. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಒದಗಿಸಿದ ಡಿ-ಜೆಟ್ರಾನಿಕ್ ಎಂಬ ಪೆಟ್ರೋಲ್ ಸಿಂಪಡಣೆಯ ವ್ಯವಸ್ಥೆಯಲ್ಲಿ, ಥ್ರಾಟಲ್ ತೆರೆಯುವಾಗ ಒಂದು ಸಂಪರ್ಕಕಡ್ಡಿ ಬಾಚಣಿಗೆಯ ಹಲ್ಲುಗಳಂಥ ಪಟ್ಟಿಯ ಮೇಲೆ ಹಾದುಹೋಗಿ ಮಿಡಿತಗಳನ್ನು ಹುಟ್ಟಿಸುತ್ತಿತ್ತು, ಆ ಮಿಡಿತಗಳಿಗೆ ಅನುಸಾರವಾಗಿ ಎಂಜಿನ್ನಿಗೆ ಹೆಚ್ಚುವರಿ ಪೆಟ್ರೋಲ್ ಸಿಗುತ್ತಿತ್ತು. ನಮ್ಮ ರಸ್ತೆಗಳಲ್ಲಿ ಈ ವಿದ್ಯೆ ಸಾಮಾನ್ಯರ ಕಾರಿಗೆ ಇಳಿದದ್ದು, 2000ದ ಏಪ್ರಿಲಿನಲ್ಲಿ ದೇಶದಾದ್ಯಂತ ಹೊಗೆಯ ಮಾನದಂಡ ಬಿಗಿಯಾದ ಆಸುಪಾಸಿನಲ್ಲಿ, ಕಾರ್ಬೊರೇಟರ್ ಹಿಂದೆ ಸರಿದು ಮಾರುತಿ 800, ಝೆನ್, ಎಸ್ಟೀಮ್ ಮುಂತಾದವುಗಳ ಬೆನ್ನ ಮೇಲೆ ಪೆಟ್ರೋಲ್ ಸಿಂಪಡಣೆಯ ಗುರುತಾದ ಎಂಪಿಎಫ್‌ಐ ಎಂಬ ಅಕ್ಷರಗಳು ಕಾಣಿಸಿಕೊಂಡಾಗ. ಆ ಪೀಳಿಗೆಯ ಕಾರುಗಳಿಗೆ ಈಗ ಇಪ್ಪತ್ತು ವರ್ಷ ಮೀರಿದೆ. ಅವುಗಳ ಇಂಗಾಲದ ಪಟ್ಟಿಗಳಿಗೂ ಅಷ್ಟೇ ವಯಸ್ಸು.

ಪಟ್ಟಿ ಎಲ್ಲೆಡೆ ಒಂದೇ ಸಮನೆ ಸವೆಯುವುದಿಲ್ಲ ಎಂಬುದೇ ಈ ರೋಗದ ಸ್ವಾರಸ್ಯ. ಕಾರಿನ ಆಯುಷ್ಯದ ಬಹುಪಾಲು ಸಿಗ್ನಲ್ಲಿನಲ್ಲಿ ನಿಂತು ಐಡ್ಲಿಂಗ್‌ನಲ್ಲೂ, ಕಾಲನ್ನು ಹಗುರವಾಗಿ ಇಟ್ಟು ಸಾಗುವ ಸಾಧಾರಣ ವೇಗದಲ್ಲೂ ಕಳೆದುಹೋಗುವುದರಿಂದ ನಾಲಗೆ ಪಟ್ಟಿಯ ಮೊದಲ ಭಾಗದಲ್ಲೇ ಸದಾ ಉಜ್ಜಾಡುತ್ತದೆ, ಎಂಜಿನ್ನಿನ ನಡುಕ ಅದೇ ಜಾಗವನ್ನು ಮತ್ತಷ್ಟು ಕೆರೆಯುತ್ತದೆ. ಹೀಗಾಗಿ ನಾಗಾಲೋಟದಲ್ಲಿ ಆರೋಗ್ಯವಾಗಿರುವ ಕಾರು ಮೆಲ್ಲನೆ ಹೋಗುವಾಗ ಮುಗ್ಗರಿಸುತ್ತದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾಲನ್ನು ಕೂದಲೆಳೆಯಷ್ಟು ಒತ್ತಿ, ಕೂದಲೆಳೆಯಷ್ಟು ಸಡಿಲಿಸಬೇಕಾದಾಗ, ನಾಲಗೆ ಸವೆದ ಜಾಗದ ಮೇಲೆ ಹಿಂದೆ ಮುಂದೆ ಹಾದು ಕಾರು ಬಿಕ್ಕಳಿಸುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ‘ಜರ್ಕ್ ಹೊಡೆಯುವುದು’, ‘ಪಿಕಪ್ ಇಲ್ಲದಿರುವುದು’. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಸ್ವಭಾವದ ಕಂಪ್ಯೂಟರ್, ವೋಲ್ಟೇಜ್ ಕ್ಷಣಕಾಲ ಬಿದ್ದದ್ದನ್ನು ನಂಬಿ, ಚಾಲಕ ಕಾಲು ತೆಗೆದನೆಂದು ತಿಳಿದು ಪೆಟ್ರೋಲ್ ಕಡಿಮೆ ಮಾಡುತ್ತದೆ, ಮರುಕ್ಷಣ ವೋಲ್ಟೇಜ್ ಏರಿದಾಗ ಆತ ಗಕ್ಕನೆ ತುಳಿದನೆಂದು ಭಾವಿಸಿ ಹೆಚ್ಚು ಸುರಿಯುತ್ತದೆ. ತುಳಿದ ಕಾಲು ತುಳಿದಲ್ಲೇ ಇದೆ, ಗಾಳಿಯೂ ಇದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ.

ರೋಗ ಇಷ್ಟು ಸ್ಪಷ್ಟವಾಗಿದ್ದರೂ ಗ್ಯಾರೇಜುಗಳಲ್ಲಿ ಮೊದಲು ಬದಲಾಗುವುದು ಸ್ಪಾರ್ಕ್ ಪ್ಲಗ್, ಅನಂತರ ಏರ್ ಫಿಲ್ಟರ್, ಆಮೇಲೆ ಪೆಟ್ರೋಲ್ ಪಂಪು, ಕೊನೆಗೆ ಬಂಕಿನವನಿಗೆ ಕಲಬೆರಕೆಯ ಬೈಗುಳ. ಇದಕ್ಕೆ ಪ್ರತಿಯಾಗಿ, ಸೆನ್ಸರಿನ ಹೆಸರನ್ನು ಹೊಸದಾಗಿ ಕಲಿತವರು ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ಟುತ್ತಾರೆ, ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯೂ ಇದೇ ಲಕ್ಷಣಗಳನ್ನು ತೋರಬಲ್ಲದು ಎಂಬುದನ್ನು ಮರೆಯುತ್ತಾರೆ. ಕರಾವಳಿಯ ಕಾರುಗಳಲ್ಲಂತೂ ಮಳೆಗಾಲ ಮುಗಿಯುವ ಹೊತ್ತಿಗೆ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು, ಅದನ್ನು ಒರೆಸಿದಷ್ಟಕ್ಕೇ ಕಾಯಿಲೆ ವಾಸಿಯಾಗುವ ಸಂದರ್ಭಗಳುಂಟು. ಮಾರುತಿ ಕಾರುಗಳಲ್ಲಿದ್ದ ಸುಜುಕಿಯ ಆ ಕಾಲದ ಎಂಜಿನ್ನುಗಳಲ್ಲಿ ಪರೀಕ್ಷಾ ತಂತಿಯನ್ನು ಅರ್ತ್‌ಗೆ ಮುಟ್ಟಿಸಿದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಮಿನುಗಿ ಅಂಕಿಗಳಲ್ಲಿ ದೂರು ಹೇಳುತ್ತದೆ, 21 ಮತ್ತು 22 ಎಂಬವು ಥ್ರಾಟಲ್ ಸೆನ್ಸರಿನವು. ಆದರೆ ತಂತಿ ಪೂರ್ತಿ ಕಡಿದಾಗ ತಟ್ಟನೆ ದೂರುವ ಈ ದೀಪ, ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತಿನ ಸವೆತವನ್ನು ಎಷ್ಟೋ ಸಲ ಗಮನಿಸುವುದೇ ಇಲ್ಲ.

ಆ ಸವೆತವನ್ನು ಹಿಡಿಯುವುದು ಮುಳ್ಳಿನ ಮೀಟರ್. ಡಿಜಿಟಲ್ ಮೀಟರ್ ಅಂಕಿಯನ್ನು ನಿಂತು ನಿಂತು ಬದಲಿಸುವುದರಿಂದ ಎರಡು ಅಂಕಿಗಳ ನಡುವೆ ನಡೆದ ಕಳ್ಳತನ ಅದಕ್ಕೆ ಕಾಣದೆ ಹೋಗಬಹುದು. ಹಳೆಯ ಅನಲಾಗ್ ಮೀಟರಿನ ಮುಳ್ಳು ಮಾತ್ರ ವೋಲ್ಟೇಜಿನ ಜೊತೆಗೇ ನಡೆಯುತ್ತದೆ. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ತಿರುಗಿಸಿ, ಸಂಕೇತದ ತಂತಿಗೆ ಕನೆಕ್ಟರಿನ ಹಿಂದಿನಿಂದ ಸಣ್ಣ ಗುಂಡುಸೂಜಿ ತೂರಿಸಿ, ಥ್ರಾಟಲನ್ನು ಬೆರಳಿನಿಂದ ಬಲು ನಿಧಾನವಾಗಿ ತೆರೆಯುತ್ತ ಹೋದರೆ ಮುಳ್ಳು ದಿಬ್ಬವೇರುವ ಬಂಡಿಯಂತೆ ಸಮನಾಗಿ ಏರಬೇಕು. ಸವೆದ ಜಾಗ ಬಂದಾಗ ಅದು ಕೆಳಕ್ಕೆ ಹಾರಿ ಮತ್ತೆ ಮೇಲಕ್ಕೆ ನೆಗೆಯುತ್ತದೆ. ಒಮ್ಮೆ ಹಾರಿದ ಜಾಗದಲ್ಲೇ ಎರಡನೆಯ ಸಲವೂ, ಮೂರನೆಯ ಸಲವೂ ಹಾರಿದರೆ ಅನುಮಾನಕ್ಕೆ ಎಡೆಯಿಲ್ಲ. ವಾರಗಟ್ಟಲೆ ರಸ್ತೆಯ ಮೇಲೆ ಕಣ್ಣುಮುಚ್ಚಾಲೆಯಾಡಿದ ದೋಷ ಬೆರಳ ತುದಿಗೂ ಮುಳ್ಳಿಗೂ ನಡುವೆ ಸಿಕ್ಕಿಬೀಳುವ ಈ ಕ್ಷಣಕ್ಕಾಗಿಯೇ ಹವ್ಯಾಸಿಗಳು ಭಾನುವಾರದ ನಿದ್ದೆ ಬಿಡುತ್ತಾರೆ.

ಬಿಚ್ಚುವ ಕೆಲಸಕ್ಕೆ ಎರಡೇ ತಿರುಪು, ಆದರೆ ಅವು ಜಪಾನಿನ ಮಾನದಂಡದ ತಿರುಪುಗಳು. ನೋಡಲು ಫಿಲಿಪ್ಸ್ ತಲೆಯಂತೆ ಕಂಡರೂ ಅವುಗಳ ತೋಡಿನ ಆಕಾರ ತುಸು ಬೇರೆಯಾದ್ದರಿಂದ, ಸಾಮಾನ್ಯ ಸ್ಕ್ರೂಡ್ರೈವರ್ ಜಾರಿ ಮೇಲೆದ್ದು ತಲೆಯನ್ನು ಬೋಳಿಸಿಬಿಡುತ್ತದೆ. ಎಂಜಿನ್ನಿನ ಬಿಸಿಗೆ ಇಪ್ಪತ್ತು ವರ್ಷ ಬೆಂದು ಕಚ್ಚಿಕೊಂಡ ತಿರುಪಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹನಿಸುವುದು ಜಾಣತನ. ಹೊಸ ಸೆನ್ಸರಿಗಾಗಿ ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆಯುತ್ತಾರೆ, ಸಿಗದಿದ್ದರೆ ಶಿವಾಜಿನಗರದ ಗುಜರಿಯತ್ತ ನಡೆಯುತ್ತಾರೆ. ಗುಜರಿಯ ಸೆನ್ಸರನ್ನು ಕೊಳ್ಳುವುದಾದರೆ ಮೀಟರ್ ಜೇಬಿನಲ್ಲಿರಬೇಕು, ಏಕೆಂದರೆ ಅದರ ಪಟ್ಟಿಯೂ ಯಾವುದೋ ಕಾರಿನ ಸಿಗ್ನಲ್ಲುಗಳಲ್ಲಿ ಸವೆದು ಬಂದದ್ದೇ.

ಕೂರಿಸುವುದರಲ್ಲಿಯೇ ಕಸುಬಿನ ನಿಜವಾದ ರುಚಿ ಇದೆ. ತಿರುಪಿನ ತೂತುಗಳು ಉದ್ದವಾಗಿರುವ ಮಾದರಿಗಳಲ್ಲಿ ಸೆನ್ಸರನ್ನು ಎಡಕ್ಕೆ ಬಲಕ್ಕೆ ತುಸು ತಿರುಗಿಸಿ, ಮುಚ್ಚಿದ ಥ್ರಾಟಲಿಗೆ ಕೈಪಿಡಿ ಹೇಳಿದ ವೋಲ್ಟೇಜನ್ನು ಹೊಂದಿಸಬೇಕು; ಹೊಂದಿಸಿ ತಿರುಪು ಬಿಗಿಯುವಾಗ ಡಬ್ಬಿ ಎಳ್ಳಿನಷ್ಟು ಸರಿದು ಅಂಕಿ ತಪ್ಪುತ್ತದೆ. ಮತ್ತೆ ಸಡಿಲಿಸಿ, ಬಿಗಿಯುವಾಗ ಎಷ್ಟು ಸರಿಯುವುದೋ ಅಷ್ಟನ್ನು ಮುಂಚಿತವಾಗಿ ಹಿಂದಕ್ಕೆ ಬಿಟ್ಟು, ಎರಡೂ ತಿರುಪುಗಳನ್ನು ಕಾಲುಸುತ್ತಿನಂತೆ ಸರದಿಯಲ್ಲಿ ಬಿಗಿಯುವ ಹದ ತಂಬೂರಿಯ ಜೀವಾಳವನ್ನು ಸರಿಸಿ ನಾದ ಹಿಡಿಯುವ ಹದಕ್ಕೆ ದೂರದ್ದಲ್ಲ. ಅಸಹನೆಯವರು ಇಲ್ಲಿ ಥ್ರಾಟಲಿನ ತಡೆತಿರುಪನ್ನೇ ತಿರುಗಿಸಿ ವೋಲ್ಟೇಜ್ ತಂದುಕೊಳ್ಳುತ್ತಾರೆ. ಕಾರ್ಖಾನೆಯಲ್ಲೇ ಹೊಂದಿಸಿಟ್ಟ ಆ ತಿರುಪನ್ನು ಮುಟ್ಟುವುದು, ಗಡಿಯಾರ ತಪ್ಪಿತೆಂದು ಸೂರ್ಯನನ್ನು ಸರಿಸಲು ಹೊರಟಂತೆ.

ಇತ್ತೀಚಿನ ಕಾರುಗಳಲ್ಲಿ ಅಯಸ್ಕಾಂತದ ಬಲದಿಂದ ಕೆಲಸ ಮಾಡುವ, ಯಾವುದೂ ಯಾವುದನ್ನೂ ಉಜ್ಜದ ಸೆನ್ಸರುಗಳು ಬಂದಿವೆ. ಅವು ಹಳೆಯದಕ್ಕಿಂತ ಮೇಲು ಎಂಬುದರಲ್ಲಿ ವಾದವಿಲ್ಲ. ಆದರೆ ಕೆಟ್ಟಾಗ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕಾಗಿ ಬರುವುದುಂಟು, ಬೆರಳಿಗೂ ಮುಳ್ಳಿಗೂ ಅಲ್ಲಿ ಕೆಲಸವಿಲ್ಲ. ಝೆನ್ ತಯಾರಿಕೆ 2006ರಲ್ಲಿ ನಿಂತಿತು, 800ರದು 2014ರ ಜನವರಿಯಲ್ಲಿ. ಇನ್ನೂ ಓಡುತ್ತಿರುವ ಅವುಗಳಲ್ಲಿ ಒಂದನ್ನು ಇಟ್ಟುಕೊಂಡವರು, ಕಳಚಿದ ಹಳೆಯ ಸೆನ್ಸರನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಅದರ ಮುಚ್ಚಳವನ್ನು ಚೂರಿಯಿಂದ ಮೀಟಿ ತೆಗೆದು, ಬೆಳಕಿಗೆ ಹಿಡಿದು ನೋಡಲಿ: ಕಪ್ಪು ಪಟ್ಟಿಯ ಆರಂಭದಲ್ಲಿ ಹೊಳೆಯುವ ಸಣ್ಣ ಗೀರೊಂದು ಕಾಣುತ್ತದೆ, ಮುಳ್ಳು ಹಾರುತ್ತಿದ್ದದ್ದು ಅಲ್ಲಿಯೇ.