ಯಶವಂತಪುರದ ಬೆಳ್ಳಿಯ ನಾಣ್ಯಗಳು

ಕೋಲಾರದ ಸೀಮೆಯವರಿಗೆ ನೆಲದೊಳಗಣ ನಿಧಿಯೆಂದರೆ ಚಿನ್ನವೇ. ನರಸಾಪುರದಿಂದ ಪೂರ್ವದಿಕ್ಕಿಗೆ ಹೋದವರಿಗೆ 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿಗಳ ನಾಡು ಸಿಕ್ಕುವುದು. ಈ ಸಲ ನಾವು ಪಶ್ಚಿಮಕ್ಕೆ ಮುಖಮಾಡಿ, ಹೊಸಕೋಟೆಯ ಮಾರ್ಗವಾಗಿ ಬೆಂಗಳೂರಿಗೆ ಹೊರಟೆವು. ನಾವು ಅರಸಿದುದು ಬೆಳ್ಳಿಯ ಜಾಡನ್ನು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮಿನ ಚಕ್ರವರ್ತಿಗಳ 163 ಬೆಳ್ಳಿಯ ನಾಣ್ಯಗಳು ನೆಲದೊಳಗೆ ದೊರೆತಿದ್ದುವು. 1965ರಲ್ಲಿ ಅದೇ ನಗರದ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಮತ್ತೆ 256 ದೊರೆತುವು.

ಯಶವಂತಪುರದ ರೈಲು ನಿಲ್ದಾಣದ ಗದ್ದಲದಲ್ಲಿ ನಿಂತು, ಪುಸ್ತಕಗಳಲ್ಲಿ ಕಂಡಿದ್ದ ಆ ನಾಣ್ಯಗಳನ್ನು ನೆನೆದೆವು. ಅಗಲ ಹಳೆಯ ಬೆಳ್ಳಿಯ ಪಾವಲಿಯಷ್ಟು. ತೂಕ ಸುಮಾರು 4 ಗ್ರಾಂ. ಹೆಸರು ದಿನಾರಿಯಸ್. ನಮ್ಮ ದೇಶದಲ್ಲಿ ಸಿಕ್ಕಿರುವ ಇಂತಹ ನಾಣ್ಯಗಳಲ್ಲಿ ಎರಡು ಬಗೆಯವು ಬಹಳ ಹೆಚ್ಚು.

ಮೊದಲನೆಯದು ಅಗಸ್ಟಸನದು. ಒಂದು ಮಗ್ಗುಲಲ್ಲಿ ಎಲೆಯ ಮಾಲೆ ಮುಡಿದ ಅವನ ತಲೆ. ಸುತ್ತಲೂ 'ದೇಶದ ತಂದೆ' ಎಂಬ ಬಿರುದು. ಇನ್ನೊಂದು ಮಗ್ಗುಲಲ್ಲಿ ಇಬ್ಬರು ತರುಣರು; ನಡುವೆ ಗುರಾಣಿಗಳೂ ಈಟಿಗಳೂ; ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವ ಪುರೋಹಿತನ ಬಾಗಿದ ಕೋಲು. ಅವರು ಅವನ ಮಗಳ ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ಅಜ್ಜನು ಅವರನ್ನು ದತ್ತು ತೆಗೆದುಕೊಂಡು, ತನ್ನ ಮುಂದಿನ ಒಡೆಯರು ಇವರೇ ಎಂದು ಬೆಳ್ಳಿಯಲ್ಲಿ ಸಾರಿದನು. ಆದರೆ ಲೂಸಿಯಸ್ ಕ್ರಿ. ಶ. 2ರಲ್ಲಿಯೂ ಗಾಯಸ್ 4ರಲ್ಲಿಯೂ ತೀರಿಕೊಂಡರು. ಮೊಮ್ಮಕ್ಕಳು ಹೋದರು, ಅಜ್ಜನ ಆಸೆ ಮಾತ್ರ ನಾಣ್ಯದ ಮೇಲೆ ಉಳಿಯಿತು.

ಕಡೆಗೆ ಪಟ್ಟ ದೊರೆತುದು ಮಲಮಗನಾದ ಟೈಬೀರಿಯಸನಿಗೆ. ಎರಡನೆಯ ಬಗೆಯ ನಾಣ್ಯ ಅವನದು. ಅದರಲ್ಲಿ ರಾಜದಂಡವನ್ನೂ ಶಾಂತಿಯ ಗುರುತಾದ ಕೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯೊಬ್ಬಳಿರುವಳು. ಅವಳು ಶಾಂತಿದೇವತೆಯೆಂದು ಕೆಲವರು, ಅವನ ತಾಯಿ ಲಿವಿಯಾ ಎಂದು ಕೆಲವರು ಹೇಳುವರು.

ಮುಂಗಾರಿನ ಗಾಳಿಯನ್ನು ನೆಚ್ಚಿ ಬಂದ ಹಡಗುಗಳು ಮೆಣಸಿಗೂ ಮುತ್ತಿಗೂ ಬದಲಾಗಿ ಈ ಹಣವನ್ನು ಸುರಿದುವು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ ದೂರಿದ್ದನು.

ಯಶವಂತಪುರದ ನಿಧಿಯಲ್ಲಿ ಕ್ರಿ. ಶ. 41ರಿಂದ 54ರವರೆಗೆ ಆಳಿದ ಕ್ಲಾಡಿಯಸನ ನಾಣ್ಯಗಳೂ ಇದ್ದುವು. ಆದುದರಿಂದ ಅದು ಭೂಮಿ ಸೇರಿದುದು ಅವನು ಪಟ್ಟವೇರಿದ ಮೇಲೆಯೇ. ಅದನ್ನು ಹೂಳಿದವನಿಗೆ ಆ ತರುಣರ ಕಥೆ ತಿಳಿದಿರಲಾರದು; ಅವನು ನಂಬಿದುದು ಬೆಳ್ಳಿಯನ್ನು. ಆದರೂ ಗೃಹಸ್ಥನೊಬ್ಬನು ಹಣವನ್ನು ಹೂಳುವುದು ತನ್ನವರಿಗಾಗಿಯೇ ಅಲ್ಲವೆ? ಅವನಾಗಲಿ ಅವನ ಮಕ್ಕಳಾಗಲಿ ಅದನ್ನು ತೆಗೆಯಲು ಬರಲಿಲ್ಲ. ಮುಂದಿನವರಿಗೆಂದು ಚಕ್ರವರ್ತಿ ಅಚ್ಚೊತ್ತಿಸಿದುದೂ, ಈ ಅನಾಮಧೇಯನು ಬಚ್ಚಿಟ್ಟುದೂ ಒಂದೇ ನಾಣ್ಯ. ಇದನ್ನೇ ಮಾತನಾಡಿಕೊಳ್ಳುತ್ತ ಸಂಜೆಗೆ ನರಸಾಪುರಕ್ಕೆ ಹಿಂದಿರುಗಿದೆವು.