ಲಂಡನ್ನಿನಲ್ಲಿ ರೊಟ್ಟಿ ಸಪ್ಪಳ

ಹುಬ್ಬಳ್ಳಿ ದಾಟಿ ಎಲ್ಲಿಗೂ ಹೋಗದ ನವಲಗುಂದದ ನಾನು, 2018ರ ಜೂನಿನಲ್ಲಿ ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋದೆ ಅಂದರೆ ನಂಬುತ್ತೀರಾ, ಗೆಳತಿಯರೇ?

ಮೊದಲು ಕಣ್ಣು ಮೋಸ ಹೋಯಿತು. ನಾವು ಏಳಕ್ಕೆ ದೇವರಿಗೆ ದೀಪ ಹಚ್ಚುತ್ತೇವಲ್ಲ, ಆ ಊರು ಬಹಳ ಉತ್ತರಕ್ಕಿರುವುದರಿಂದ ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಮೇಲೆ! ಆಮೇಲೆ ಕಿವಿ. ಕಾಯಿಪಲ್ಲೆಯವಳ ಕೂಗಿಲ್ಲ, ಎತ್ತಿನ ಗೆಜ್ಜೆಯಿಲ್ಲ. ಮುಚ್ಚಿದ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಅನ್ನುವ ಸದ್ದೊಂದೇ. ಮಳೆ ಬಂತು, ನಮ್ಮ ಎರಿ ಹೊಲದ ವಾಸನೆ ಬರಲಿಲ್ಲ.

"ಒಗ್ಗರಣಿ ಹಾಕಬ್ಯಾಡವ್ವಾ, ಅರಿವಿಗೆಲ್ಲಾ ವಾಸನಿ ಹಿಡೀತದ" ಎಂದಳು ಮಗಳು. ಮನಸ್ಸಿಗೆ ಚುಚ್ಚಿತು, ಸುಮ್ಮನಾದೆ.

ಕೂಸು ಹುಟ್ಟಿದ ಹದಿನೈದನೇ ದಿನ ಅವಳೇ, "ಅವ್ವಾ, ಬಿಸಿ ರೊಟ್ಟಿ ಬಡಿ" ಎಂದಳು. ವೆಂಬ್ಲಿಯ ಗುಜರಾತಿ ಅಂಗಡಿಯಿಂದ ಜೋಳದ ಹಿಟ್ಟು ಬಂತು. ಪಟ ಪಟ ಬಡಿದೆ. ಹಂಚಿನ ಮೇಲೆ ಹಿಟ್ಟು ಸುಟ್ಟು ಹೊಗೆಯೆದ್ದದ್ದೇ ತಡ, ಛಾವಣಿಯ ಹೊಗೆ ಗಂಟೆ ಕಿರುಚಿತು! ಗಾಬರಿಯಾಗಿ ಒಲೆ ಆರಿಸಿದೆ. ಮಗಳು ಟವೆಲ್ಲು ಬೀಸುತ್ತ ನಗುತ್ತಿದ್ದಳು, ಕಣ್ಣಲ್ಲಿ ನೀರು.

"ನಿಲ್ಲಸಬ್ಯಾಡವ್ವಾ. ಆ ಸಪ್ಪಳ ಕೇಳಿ ಊರಿಗೆ ಹೋಗಿಬಂದಂಗಾತು."

ನೀವೂ ಹೋಗುವಿರಾದರೆ, ಹಂಚಿಡುವ ಮೊದಲು ಕಿಟಕಿ ತೆರೆಯಿರಿ. ಹಿಟ್ಟು ಅಲ್ಲೇ ಸಿಗುತ್ತದೆ. ಬಡಿಯುವ ಕೈ ಮಾತ್ರ ಇಲ್ಲಿಂದಲೇ ಹೋಗಬೇಕು.