ದಾನ ಮತ್ತು ಪಾಲನೆ: ಒಂದು ಲೆಕ್ಕದ ಪುಸ್ತಕದ ಓದು

ಕಳೆದ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕರೆದುಕೊಂಡು ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿದ್ದೆ. ಕೇಶವ ದೇವಾಲಯದ ಮಹಾದ್ವಾರದಲ್ಲಿರುವ ಶಾಸನದ ಮುಂದೆ ಅವರನ್ನು ನಿಲ್ಲಿಸಿ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಈ ದೇವಾಲಯವನ್ನು ಪ್ರತಿಷ್ಠಾಪಿಸಿದನೆಂದೂ ಅವನು ನೆಲೆಗೊಳಿಸಿದ ಅಗ್ರಹಾರಕ್ಕೆ ‘ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ’ ಎಂಬ ಹೆಸರಿತ್ತೆಂದೂ ವಿವರಿಸಿದೆ. ‘ವಿದ್ಯಾನಿಧಿ’ ಎಂದರೆ ಏನು ಎಂದು ಕೇಳಿದಾಗ ನಂಜನಗೂಡು ಕಡೆಯ ಹುಡುಗನೊಬ್ಬ, “ಸ್ಕಾಲರ್‌ಶಿಪ್ ಸರ್” ಎಂದ. ಉಳಿದವರು ನಕ್ಕರು. 2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ರೈತ ವಿದ್ಯಾನಿಧಿಯ ಹಣ ಅವನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಅವನಿಗೆ ಆ ಪದದ ಅರ್ಥ ಅದೇ.

‘ವಿದ್ಯೆಯ ಭಂಡಾರ’ ಎಂದು ನಾನು ತಿದ್ದಿದೆ. ಮರಳಿ ಬರುವಾಗ, ತಿದ್ದಿಸಿಕೊಳ್ಳಬೇಕಾದವನು ನಾನೇ ಎನ್ನಿಸಿತು. ನಿಧಿ ಎಂದರೆ ಭಂಡಾರ, ನಿಜ. ಆದರೆ ಭಂಡಾರಕ್ಕೆ ಪ್ರತಿವರ್ಷ ಧಾನ್ಯ ಎಲ್ಲಿಂದಲೋ ಬಂದು ಬೀಳಬೇಕು. ಶಾಸನಗಳ ಬಹುಭಾಗವನ್ನು ಆಕ್ರಮಿಸುವ ಗದ್ದೆ, ಬೆದ್ದಲು, ತೋಟ, ಎಲ್ಲೆಗಲ್ಲುಗಳ ವಿವರಗಳನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಬೇಸರದಿಂದ ದಾಟಿ ಪ್ರಶಸ್ತಿಭಾಗದ ಪದ್ಯಗಳಿಗೆ ಹೋಗುತ್ತೇವೆ. ದಾನಿಯ ನಿಜವಾದ ಚಿಂತೆ ಇರುವುದು ನಾವು ದಾಟಿಹೋದ ಆ ಸಾಲುಗಳಲ್ಲಿ.

ನಂದಾದೀವಿಗೆಯ ದತ್ತಿಗಳನ್ನೇ ನೋಡಬಹುದು. ದೀಪದ ಕಂಬ ಕೊಟ್ಟು ಕೈತೊಳೆದುಕೊಂಡವರನ್ನು ಶಾಸನ ಹೊಗಳುವುದು ಕಡಿಮೆ. ದೀಪ ಉರಿಯಲು ಬೇಕಾದ ಎಣ್ಣೆಗೆ ಇಂತಿಷ್ಟು ಭೂಮಿ, ಇಲ್ಲವೆ ಬಡ್ಡಿಯಿಂದ ಎಣ್ಣೆ ಬರುವಂತೆ ಇಂತಿಷ್ಟು ಹೊನ್ನು ಎಂಬ ವ್ಯವಸ್ಥೆ ಅಲ್ಲಿರುತ್ತದೆ. ವಿದ್ಯೆಗೂ ಇದೇ ಕ್ರಮವಿತ್ತು. ತಾಳಗುಂದದ 12ನೆಯ ಶತಮಾನದ ಶಾಸನವೊಂದರಲ್ಲಿ ವೇದ ಶಾಸ್ತ್ರಗಳ ಉಪಾಧ್ಯಾಯರೊಂದಿಗೆ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿಯಿದೆ. ಜೈನ ಪರಂಪರೆ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನದ ಪಟ್ಟಿಯಲ್ಲಿ ಸೇರಿಸಿತು. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿದಳೆಂದು ತರಗತಿಯಲ್ಲಿ ಹೇಳುವಾಗ, ಅಷ್ಟು ಓಲೆ ಹದಮಾಡಿದವರ, ಅಷ್ಟು ದಿನ ಕುಳಿತು ಬರೆದವರ ಅನ್ನದ ವೆಚ್ಚವನ್ನೂ ಅವಳು ಹೊತ್ತಿರಬೇಕೆಂಬುದನ್ನು ನಾನು ಈಚೆಗೆ ಸೇರಿಸಿ ಹೇಳುತ್ತೇನೆ.

ಇದನ್ನು ಕೊಂಡಾಡಿ ನಿಲ್ಲಿಸುವುದು ಸುಲಭ. ಆದರೆ ಅಗ್ರಹಾರದ ವಿದ್ಯಾನಿಧಿ ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ. ಆ ಗದ್ದೆಗಳಲ್ಲಿ ನಾಟಿ ಮಾಡಿದವರ ಮಕ್ಕಳ ಅಕ್ಷರಕ್ಕೆ ಯಾವ ದಂಡನಾಯಕನೂ ಭೂಮಿ ಬಿಟ್ಟಿರಲಿಲ್ಲ. ಇದನ್ನು ನಾನು ಕಲಿತದ್ದು ಶಾಸನದಿಂದಲ್ಲ, ನಮ್ಮ ಮನೆಯ ಲೆಕ್ಕದ ಪುಸ್ತಕದಿಂದ.

ನಮ್ಮ ತಾತನಿಗೆ ಕಾವೇರಿ ದಂಡೆಯ ಹಳ್ಳಿಯೊಂದರಲ್ಲಿ ದಿನಸಿ ಅಂಗಡಿಯಿತ್ತು. ತಂದೆಯವರು ತೀರಿಕೊಂಡ ಮೇಲೆ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ಅಂಗಡಿಯ ಲೆಕ್ಕದ ಪುಸ್ತಕಗಳು ಸಿಕ್ಕವು. ಹಸ್ತಪ್ರತಿ ಓದಿ ಅಭ್ಯಾಸವಾದ ಕಣ್ಣು ಸುಮ್ಮನಿರುವುದಿಲ್ಲ. 1977ರ ಜೂನ್‌ನಿಂದ ಪ್ರತಿ ತಿಂಗಳೂ ಧರ್ಮದ ಖಾತೆಯಲ್ಲಿ ಒಂದು ಸಾಲು ಬರುತ್ತಿತ್ತು: ‘ಮೇಷ್ಟ್ರ ದೀಪಕ್ಕೆ ಸೀಮೆಎಣ್ಣೆ’. ಅದರ ಹಿಂದುಮುಂದು ಪರ್ವದ ದಿನಗಳ ಪೂಜೆಯ ಖರ್ಚು, ಬಸದಿಗೆ ಕೊಟ್ಟ ಅಚ್ಚಿನ ಪುಸ್ತಕಗಳ ಖರ್ಚು. 1979ರ ಫೆಬ್ರವರಿಯ ನಂತರ ಪೂಜೆಯ ಸಾಲು ಇದೆ, ಪುಸ್ತಕದ ಸಾಲು ಇದೆ, ಸೀಮೆಎಣ್ಣೆಯ ಸಾಲು ಇಲ್ಲ.

ಆ ದೀಪ ನನಗೆ ಗೊತ್ತು. ಮೇಷ್ಟ್ರು ಸಂಜೆ ತಮ್ಮ ಜಗುಲಿಯ ಮೇಲೆ ಎರಡು ಲಾಟೀನು ಇಟ್ಟು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಶಾಲೆಯ ಪಾಠವನ್ನು ಮತ್ತೆ ಓದಿಸುವುದು, ಮಗ್ಗಿ, ಉಕ್ತಲೇಖನ, ಕೊನೆಗೆ ಒಂದು ಕಥೆ. ಬೇಸಿಗೆ ರಜೆಯಲ್ಲಿ ಅದೇ ಪಾಠ ಬೆಳಗಿನ ಹೊತ್ತು ಹೊಳೆಯ ಬದಿಯ ಮಂಟಪಕ್ಕೆ ಹೋಗುತ್ತಿತ್ತು. ಮೇಷ್ಟ್ರ ಹೆಂಡತಿ ಎಲ್ಲರ ಕೈಗೂ ಒಂದೊಂದು ಹಿಡಿ ಪುರಿ, ಹುರಿಗಡಲೆ ಹಾಕುತ್ತಿದ್ದರು. ಅದಕ್ಕಾಗಿಯೇ ಬರುವವರೂ ಇದ್ದರು. ನಾನು ಬರುತ್ತಿದ್ದದ್ದು ಮನೆಯಿಂದ ತಳ್ಳುತ್ತಿದ್ದರೆಂದು. ಕೇರಿಯಿಂದ ಏಳೆಂಟು ಮಕ್ಕಳು ಬರುತ್ತಿದ್ದರು. ಮೊದಲ ವರ್ಷ ಅವರು ಜಗುಲಿಯ ಕೆಳಗೆ ಅಂಗಳದಲ್ಲಿ ಕೂರುತ್ತಿದ್ದರು. ಎರಡನೆಯ ವರ್ಷದ ಚಳಿಗಾಲದಲ್ಲಿ ಮೇಷ್ಟ್ರು, ದೀಪದ ಬೆಳಕು ಅಲ್ಲಿಗೆ ಬರುವುದಿಲ್ಲವೆಂದು ಅವರನ್ನು ಮೇಲೆ ಹತ್ತಿಸಿದರು.

ಸೀಮೆಎಣ್ಣೆ ಏಕೆ ನಿಂತಿತೆಂದು ಅಮ್ಮನನ್ನು ಕೇಳಿದೆ. ಎಂಬತ್ತು ದಾಟಿದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಊರಿನವರು ಬಂದು ಹೇಳಿದರಪ್ಪ. ಅಂಗಡಿ ನಡೀಬೇಕಲ್ಲ” ಎಂದರು. ತಾತ ಜಗಳವಾಡಲಿಲ್ಲ, ಮೇಷ್ಟ್ರಿಗೆ ಏನೂ ಅನ್ನಲಿಲ್ಲ. ಎಣ್ಣೆ ಕೊಡುವುದನ್ನು ನಿಲ್ಲಿಸಿದರು, ಅಷ್ಟೆ. ಮೇಷ್ಟ್ರು ಕೆಲವು ದಿನ ತಮ್ಮ ಪಡಿತರದ ಎಣ್ಣೆಯಲ್ಲಿ ದೀಪ ಹಚ್ಚಿರಬೇಕು. ಬೇಸಿಗೆಯ ಹೊತ್ತಿಗೆ ಮಂಟಪದ ಪಾಠವೂ ಇರಲಿಲ್ಲ. ನನ್ನನ್ನು ಓದಿಗೆಂದು ಮೈಸೂರಿನ ಅತ್ತೆಯ ಮನೆಗೆ ಕಳಿಸಿದರು. ನನ್ನ ಪಕ್ಕ ಕುಳಿತು ನನಗಿಂತ ಮೊದಲು ಹದಿನಾರರ ಮಗ್ಗಿ ಒಪ್ಪಿಸುತ್ತಿದ್ದ ಕೇರಿಯ ಗೆಳೆಯ ಐದನೆಯ ತರಗತಿಗೆ ಶಾಲೆ ಬಿಟ್ಟು ಇಟ್ಟಿಗೆ ಗೂಡಿಗೆ ಹೋದ. ಒಂದೇ ಸಾಕ್ಷ್ಯದಿಂದ ತೀರ್ಮಾನಕ್ಕೆ ಬರಬಾರದೆಂದು ಸಂಶೋಧನಾ ವಿದ್ಯಾರ್ಥಿಗಳಿಗೆ ಹೇಳುವ ನಾನು, ಅವನ ಬದುಕಿಗೆ ಮೂರು ಲೀಟರು ಸೀಮೆಎಣ್ಣೆಯೊಂದೇ ಕಾರಣ ಎನ್ನಲಾರೆ. ಕಾರಣವೇ ಅಲ್ಲವೆಂದೂ ಹೇಳಲಾರೆ.

ತಾತನ ಕಾಲವೇ ಹಾಗಿತ್ತು ಎಂಬ ಸಮಾಧಾನಕ್ಕೆ ಈ ಸೀಮೆಯ ಚರಿತ್ರೆ ಅವಕಾಶ ಕೊಡುವುದಿಲ್ಲ. ಅದಕ್ಕೆ ಅರ್ಧ ಶತಮಾನ ಮೊದಲೇ ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿಯ ಕೆಲಸದೊಂದಿಗೆ ಅಸ್ಪೃಶ್ಯತೆಯ ವಿರುದ್ಧದ ಕೆಲಸವನ್ನೂ ಕೈಗೆತ್ತಿಕೊಂಡಿದ್ದರು. ಗಾಂಧೀಜಿ 1934ರ ಹರಿಜನ ಪ್ರವಾಸದಲ್ಲಿ ತಗಡೂರಿಗೆ ಬಂದದ್ದು ಆ ಕೆಲಸದ ನಂಟಿನಿಂದ. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿ, ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠವನ್ನು ತೆರೆಯಲು ಆರಿಸಿಕೊಂಡದ್ದು ನಂಜನಗೂಡನ್ನು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಅದೇ ದಶಕದಲ್ಲಿ ಮೈಸೂರಿನಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ಊಟ ವಸತಿಯ ಏರ್ಪಾಡು ಮಾಡಿದರು. ಶಾಲೆಯ ಗಂಟೆ ಬಾರಿಸಿದ ಮೇಲೂ ಮಗುವಿಗೆ ಬೆಳಕು ಬೇಕು, ಅನ್ನ ಬೇಕು, ಜೊತೆಗೆ ಕೂರುವ ಒಬ್ಬ ಹಿರಿಯ ಬೇಕು ಎಂಬ ತಿಳಿವಳಿಕೆ ಕಪಿಲೆಯ ದಂಡೆಗೆ ಹೊಸತಲ್ಲ.

ಈಗ ನಾನು ಪಾಠ ಹೇಳುವ ತರಗತಿಗಳಿಗೆ ಬರುವವರು ಆ ದಂಡೆಯ ಹಳ್ಳಿಗಳ ಮಕ್ಕಳೇ. ಅವರಲ್ಲಿ ಒಬ್ಬಳು ತನ್ನ ಊರಿನ ಸಂಜೆ ಕಲಿಕಾ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದಳು. ಕಾರ್ಖಾನೆಯೊಂದರ ಸಾಮಾಜಿಕ ಹೊಣೆಗಾರಿಕೆಯ ಹಣದಿಂದ ಸಂಸ್ಥೆಯೊಂದು ಅದನ್ನು ನಡೆಸುತ್ತಿತ್ತು. ನಾಲ್ಕರಿಂದ ಎಂಟನೆಯ ತರಗತಿಯ ಮೂವತ್ತು ಮಕ್ಕಳು. ತಾಯಂದಿರು ಕೂಲಿಯಿಂದಲೋ ಗಾರ್ಮೆಂಟ್ಸ್‌ನಿಂದಲೋ ಮನೆ ಸೇರುವವರೆಗಿನ ಎರಡು ಗಂಟೆ ಅವರು ಅಲ್ಲಿರುತ್ತಿದ್ದರು. ಒಮ್ಮೆ ಹೋಗಿ ನೋಡಿದ್ದೇನೆ. ಓದು ಬಾರದ ಆರನೆಯ ತರಗತಿಯ ಹುಡುಗನನ್ನು ಇವಳು ನಾಚಿಸದೆ ಅಕ್ಷರಕ್ಕೆ ಮರಳಿ ಕರೆತಂದ ಬಗೆಯನ್ನು ನಮ್ಮ ಅಧ್ಯಾಪಕರೂ ಕಲಿಯಬಹುದು. ಆಮೇಲೆ ಯೋಜನೆಯ ಅವಧಿ ಮುಗಿಯಿತು. ಗೋಡೆಯ ಮೇಲೆ ದೊಡ್ಡ ಪರದೆಯ ಟಿ.ವಿ. ಉಳಿದಿದೆ, ಬೀರುವಿನಲ್ಲಿ ಪುಸ್ತಕಗಳಿವೆ, ದಾನಿಯ ಹೆಸರಿನ ಫಲಕವಿದೆ. ಇವಳು ಈಗ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾಳೆ.

ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಕಾಣೆ. ಕಾಣುವುದು ದತ್ತಿಯ ಸ್ವರೂಪದ ದೋಷ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. 2021ರ ನಿಯಮಗಳ ಪ್ರಕಾರ ಬಹುವರ್ಷದ ‘ಮುಂದುವರಿಯುವ ಯೋಜನೆ’ಯ ಅವಧಿ, ಆರಂಭದ ಆರ್ಥಿಕ ವರ್ಷವನ್ನು ಬಿಟ್ಟು, ಮೂರು ವರ್ಷ ಮೀರುವಂತಿಲ್ಲ. ಹೊಸದಾಗಿ ಮತ್ತೆ ಮಂಜೂರು ಮಾಡಬಹುದು. ಆದರೆ ಹೊಸ ಯೋಜನೆಗೆ ಹೊಸ ಊರು ಹುಡುಕುವುದೇ ಹೆಚ್ಚು ಆಕರ್ಷಕ. ನಾಲ್ಕನೆಯ ತರಗತಿಯಲ್ಲಿ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಟ್ಟಲು ಏಳು ವರ್ಷ ಬೇಕು. ನಾವು ದೀಪದ ಕಂಬ ಕೊಡುವವರಾಗಿದ್ದೇವೆ, ಎಣ್ಣೆಗೆ ಭೂಮಿ ಬಿಡುವವರಲ್ಲ.

ಹಾಗಾದರೆ ಎಣ್ಣೆ ಎಲ್ಲಿಂದ ಬರಬೇಕು? ಒಂದು ದಾರಿ ಈಗಾಗಲೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮ್ಮ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸುತ್ತದೆ. ಇಂದು ಅದು ಶೇ. 6. ಶಾಸನೋಕ್ತ ದತ್ತಿಗೆ ಅತ್ಯಂತ ಹತ್ತಿರವಾದ ಆಧುನಿಕ ವ್ಯವಸ್ಥೆ ಇದೇ: ಯಾರ ಔದಾರ್ಯವನ್ನೂ ಕಾಯದೆ ಪ್ರತಿವರ್ಷ ಬರುವ ಹಣ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರಲ್ಲಿ ಬಂದ ‘ಓದುವ ಬೆಳಕು’ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಕಟ್ಟಡ, ಪುಸ್ತಕ, ವಿದ್ಯುತ್ತು, ಒಬ್ಬ ಮೇಲ್ವಿಚಾರಕರು ಇದ್ದಾರೆ. ಇಲ್ಲದಿರುವುದು ಸಂಜೆ ಎರಡು ಗಂಟೆ ಮಕ್ಕಳ ಪಕ್ಕ ಕುಳಿತು ಓದಿಸುವ ಒಬ್ಬರು.

ಆ ಒಬ್ಬರ ಲೆಕ್ಕ ಹಾಕೋಣ. ತಿಂಗಳಿಗೆ 8,000 ರೂಪಾಯಿ ಗೌರವಧನವೆಂದು ಭಾವಿಸಿದರೆ ವರ್ಷಕ್ಕೆ 96,000. ಶೇ. 6ರ ಬಡ್ಡಿಯಲ್ಲಿ ಇಷ್ಟು ಬರಬೇಕಾದರೆ 16 ಲಕ್ಷ ರೂಪಾಯಿಯ ಇಡುಗಂಟು ಬೇಕು. ಊರಬಾಗಿಲಿನ ಕಮಾನಿಗೆ, ಸಮುದಾಯ ಭವನದ ಮೇಲಂತಸ್ತಿಗೆ ನಮ್ಮ ಹಳ್ಳಿಗಳು ಕೂಡಿಸುವ ಹಣದ ಮುಂದೆ ಇದು ಅಸಾಧ್ಯವಾದ ಮೊತ್ತವಲ್ಲ. ಬೆಲೆ ಏರಿದಂತೆ ಬಡ್ಡಿ ಸಾಲದಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಭೂಮಿ ಬಿಟ್ಟ ಹಳೆಯ ದಾನಿಗೆ ಈ ತೊಡಕು ಇರಲಿಲ್ಲ, ಭತ್ತದ ಬೆಲೆಯೊಡನೆ ದತ್ತಿಯ ಬೆಲೆಯೂ ಏರುತ್ತಿತ್ತು. ಆದ್ದರಿಂದಲೇ ಇಡುಗಂಟಿನೊಡನೆ ತೆರಿಗೆಯ ಪಾಲೂ ಸೇರಬೇಕು. ಕಂಪನಿಗಳ ಹಣ ಬೋಧಕರ ತರಬೇತಿಗೆ, ಪುಸ್ತಕಕ್ಕೆ, ಬೇಸಿಗೆ ಶಿಬಿರಕ್ಕೆ ಬರಲಿ. ಬೋಧಕರ ಸಂಬಳ ಮಾತ್ರ ಯಾರ ಯೋಜನಾವಧಿಯ ಮೇಲೂ ನಿಲ್ಲಬಾರದು.

ಬೇಸಿಗೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಶಾಲೆಯ ಬಾಗಿಲಿನೊಡನೆ ಬಿಸಿಯೂಟದ ಒಲೆಯೂ ಆರುತ್ತದೆ. ಬರಗಾಲದ ವರ್ಷಗಳಲ್ಲಿ, 2024ರಲ್ಲಿ ಆದಂತೆ, ಸರ್ಕಾರ ರಜೆಯಲ್ಲೂ ಬಿಸಿಯೂಟ ಕೊಟ್ಟಿದೆ. ಭೂಮಿಯಿಲ್ಲದವರ ಮಗುವಿಗೆ ಪ್ರತಿ ಬೇಸಿಗೆಯೂ ಸಣ್ಣ ಬರಗಾಲವೇ. ಪಟ್ಟಣದ ಮಗು ಆ ದಿನಗಳಲ್ಲಿ ಈಜು, ಚಿತ್ರಕಲೆ, ಅಬಾಕಸ್ ಕಲಿಯುತ್ತದೆ. ಇತ್ತ ಅದೇ ವಯಸ್ಸಿನ ಮಗು ತಮ್ಮನನ್ನು ಎತ್ತಿಕೊಂಡು ಗೂಡಿನ ಬಳಿ ಕೂತಿರುತ್ತದೆ. ಜೂನ್‌ನಲ್ಲಿ ಇಬ್ಬರ ಮುಂದೆಯೂ ಒಂದೇ ಪಠ್ಯಪುಸ್ತಕವನ್ನು ಇಟ್ಟು ನಾವು ಸಮಾನತೆ ಎನ್ನುತ್ತೇವೆ. ಮೇಷ್ಟ್ರ ಹೆಂಡತಿಯ ಒಂದು ಹಿಡಿ ಪುರಿಗೆ ಇದೆಲ್ಲ ಗೊತ್ತಿತ್ತು.

ದಾನಶಾಸನಗಳ ಕೊನೆಯಲ್ಲಿ ಶಾಪಾಶಯದ ಜೊತೆಗೆ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ. ದಾನ ಮಾಡುವುದು, ದಾನವನ್ನು ಪಾಲಿಸುವುದು ಇವೆರಡರಲ್ಲಿ ಪಾಲನೆಯೇ ಮಿಗಿಲು ಎಂಬುದು ಅದರ ಭಾವ. ಸವಕಲು ನುಡಿಯೆಂದು ಇದನ್ನು ಎಷ್ಟೋ ಸಲ ಓದದೆ ಬಿಟ್ಟಿದ್ದೇನೆ. ನಮ್ಮ ತಾತ ದಾನ ಮಾಡಿದರು, ಪಾಲಿಸಲಿಲ್ಲ. ಪಾಲಿಸುವುದಕ್ಕೆ ಊರನ್ನು ಎದುರುಹಾಕಿಕೊಳ್ಳಬೇಕಾಗಿತ್ತು.

ಈ ಬೇಸಿಗೆಯಲ್ಲಿ ನಾನೂ ಇಬ್ಬರು ಸಹೋದ್ಯೋಗಿಗಳೂ ಕೂಡಿ ಆ ವಿದ್ಯಾರ್ಥಿನಿಯ ಊರಿನಲ್ಲಿ ಆರು ವಾರ ಬೆಳಗಿನ ತರಗತಿ ನಡೆಸಿದೆವು. ಪಾಳಿ ಬದಲಿಸಿಕೊಂಡು ಅವಳೇ ಪಾಠ ಹೇಳಿದಳು. ಗೌರವಧನ, ಮಕ್ಕಳ ಉಪ್ಪಿಟ್ಟು ಎರಡೂ ನಮ್ಮ ಸಂಬಳದಿಂದ ಬಂದವು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಇದೂ ಎಣ್ಣೆಯ ದತ್ತಿಯಲ್ಲ, ತಾತನ ಸೀಮೆಎಣ್ಣೆಯಂಥದೇ ಕೈಸಾಲು; ಕೊಡುವವರ ಮನಸ್ಸು ಇರುವವರೆಗೆ. ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿ ಇಡುಗಂಟಿಗೆಂದು ತೆರೆದ ಖಾತೆಯಲ್ಲಿ ಇದುವರೆಗೆ ಒಂದು ಲಕ್ಷ ಎಪ್ಪತ್ತು ಸಾವಿರವಿದೆ. ಗ್ರಂಥಾಲಯ ಕರದಿಂದ ಬೋಧಕರಿಗೆ ಪಾಲು ಸಿಗುವಂತೆ ಗೊತ್ತುವಳಿ ಮಾಡಿ ಮೇಲಕ್ಕೆ ಕಳಿಸಬೇಕೆಂದು ಪಂಚಾಯಿತಿಗೆ ಕೊಟ್ಟ ಮನವಿಗೆ ಉತ್ತರ ಬರಬೇಕಿದೆ. ನನ್ನ ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಈ ಬೇಸಿಗೆ ನಾಲ್ಕನೆಯ ತರಗತಿ ಮುಗಿಸಿದ ಮಕ್ಕಳು ಅಂದಿಗೆ ಒಂಬತ್ತನೆಯ ತರಗತಿಯಲ್ಲಿರುತ್ತಾರೆ.